ದುಡ್ಡು ತಗೊಂಡ ಮೊದಲ ತಂಡವಲ್ಲ, ಒಪ್ಪಿಕೊಂಡ ಮೊದಲ ತಂಡ

ಸಂಪಾದಕರಿಗೆ ನಮಸ್ಕಾರ.

ಕಳೆದ ಭಾನುವಾರ ನಿಮ್ಮ ಕ್ರೀಡಾ ಪುಟದಲ್ಲಿ ಬಂದ ಬೇಸ್‌ಬಾಲ್ ಇತಿಹಾಸದ ಬರಹ ಓದಿದೆ. ಕನ್ನಡದಲ್ಲಿ ಈ ಆಟದ ಬಗ್ಗೆ ಬರೆಯುವವರೇ ಕಡಿಮೆ, ಹಾಗಾಗಿ ಮೊದಲು ಥ್ಯಾಂಕ್ಸ್. ಆದರೆ ಅದರಲ್ಲಿ 1869ರ ಸಿನ್ಸಿನಾಟಿ ರೆಡ್ ಸ್ಟಾಕಿಂಗ್ಸ್ ತಂಡವನ್ನು ‘ದುಡ್ಡಿಗಾಗಿ ಆಡಿದ ಮೊದಲ ತಂಡ’ ಎಂದಿದ್ದೀರಿ. ಅದು ಸರಿಯಲ್ಲ. ಅಮೆರಿಕದ ಕ್ಲಬ್‌ಗಳಲ್ಲಿ ಆಟಗಾರರಿಗೆ ಕದ್ದುಮುಚ್ಚಿ ದುಡ್ಡು ಕೊಡುವುದು ಅದಕ್ಕೂ ಎಷ್ಟೋ ಮೊದಲೇ ಶುರುವಾಗಿತ್ತು. ‘ಹೌದು, ನಮ್ಮ ಎಲ್ಲರಿಗೂ ಸಂಬಳ ಇದೆ’ ಎಂದು ಊರಿಗೆಲ್ಲ ಗೊತ್ತಾಗುವಂತೆ ಹೇಳಿದ್ದು ಮಾತ್ರ ಸಿನ್ಸಿನಾಟಿಯವರು.

ಆ ತಂಡದ ಸ್ಟಾರ್ ಜಾರ್ಜ್ ರೈಟ್‌ನನ್ನೇ ನೋಡಿ. 1867ರಲ್ಲಿ ಅವನು ವಾಷಿಂಗ್ಟನ್‌ನ ನ್ಯಾಷನಲ್ಸ್ ಕ್ಲಬ್ಬಿಗೆ ಆಡುತ್ತಿದ್ದ. ದುಡ್ಡು ತಗೊಂಡು ಆಡಬಾರದು ಅನ್ನೋ ನಿಯಮ ಇತ್ತಲ್ಲ, ಅದಕ್ಕೆ ಕ್ಲಬ್ಬಿನವರು ಅವನನ್ನು ಗುಮಾಸ್ತ ಅಂತ ತೋರಿಸಿದ್ದರು. ಕೆಲಸದ ಜಾಗದ ವಿಳಾಸವನ್ನೂ ಕೊಟ್ಟಿದ್ದರು: 238, ಪೆನ್ಸಿಲ್ವೇನಿಯಾ ಅವೆನ್ಯೂ. ಅಲ್ಲಿ ಇದ್ದದ್ದು ಸಾರ್ವಜನಿಕ ಪಾರ್ಕು!

ನಾನು ಬ್ಯಾಂಕಿನಲ್ಲಿ ಮೂವತ್ತೆರಡು ವರ್ಷ ಕೆಲಸ ಮಾಡಿದವನು. ನಮ್ಮ ಶಾಖೆಯಲ್ಲೂ ಒಬ್ಬ ಕ್ರಿಕೆಟಿಗ ಇದ್ದ. ಬೆಳಗ್ಗೆ ಬಂದು ಹಾಜರಿ ಪುಸ್ತಕದಲ್ಲಿ ಸಹಿ ಹಾಕಿ, ಕಿಟ್ ಬ್ಯಾಗ್ ಹೆಗಲಿಗೇರಿಸಿ ಹೊರಟುಬಿಡುತ್ತಿದ್ದ. ಅವನ ಲೆಡ್ಜರ್ ಬರೆಯುತ್ತಿದ್ದದ್ದು ನಾನು. ಅವನ ಮೇಲೆ ನನಗೇನೂ ಸಿಟ್ಟಿಲ್ಲ, ಚೆನ್ನಾಗಿಯೇ ಆಡುತ್ತಿದ್ದ. ಆದರೆ ಆ ಪಾರ್ಕಿನ ಗುಮಾಸ್ತನ ಕಥೆ ಓದಿದಾಗ ಜೋರಾಗಿ ನಗು ಬಂತು.

1869ರ ಸೀಸನ್ನಿನಿಂದ ವೃತ್ತಿಪರ ಆಟಗಾರರಿಗೆ ಅಲ್ಲಿನ ಬೇಸ್‌ಬಾಲ್ ಸಂಘ ಒಪ್ಪಿಗೆ ಕೊಟ್ಟಿತು. ಸಿನ್ಸಿನಾಟಿ ಕ್ಲಬ್ಬಿನ ಅಧ್ಯಕ್ಷ ಆರನ್ ಚಾಂಪಿಯನ್ ಒಬ್ಬ ವಕೀಲ. ತಂಡ ಕಟ್ಟಿದ್ದು ಜಾರ್ಜ್‌ನ ಅಣ್ಣ ಹ್ಯಾರಿ ರೈಟ್. ನಿಮ್ಮ ಬರಹದಲ್ಲಿ ಬಿಟ್ಟುಹೋದ ಇನ್ನೊಂದು ಮಾತು ಇದೇ: ಹ್ಯಾರಿ ಮೂಲತಃ ಕ್ರಿಕೆಟ್‌ನವನು. ಹುಟ್ಟಿದ್ದು ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ. ಅಪ್ಪ ನ್ಯೂಯಾರ್ಕಿನಲ್ಲಿ ಕ್ರಿಕೆಟ್ ಕ್ಲಬ್ಬಿನ ಸಂಬಳದ ಆಟಗಾರ. ಹ್ಯಾರಿ ಸಿನ್ಸಿನಾಟಿಗೆ ಬಂದದ್ದೂ ಕ್ರಿಕೆಟ್ ಕಲಿಸುವ ಕೆಲಸಕ್ಕೇ. ಆಡಿ ಸಂಬಳ ತಗೊಳ್ಳೋದರಲ್ಲಿ ನಾಚಿಕೆ ಪಡೋದೇನಿದೆ ಅನ್ನೋದು ಅವನಿಗೆ ಮನೆಯಲ್ಲೇ ಗೊತ್ತಿತ್ತು ಅನ್ಸುತ್ತೆ.

ಸಂಬಳದ ಪಟ್ಟಿ ಓದೋದಂದ್ರೆ ನನಗೆ ಇವತ್ತಿಗೂ ಇಷ್ಟ. ಜಾರ್ಜ್‌ಗೆ 1,400 ಡಾಲರ್, ಅಣ್ಣ ಹ್ಯಾರಿಗೆ 1,200. ಹೌದು, ಕ್ಯಾಪ್ಟನ್‌ಗಿಂತ ತಮ್ಮನಿಗೇ ಜಾಸ್ತಿ! ಚೆಂಡು ಎಸೆಯುವ ಏಸಾ ಬ್ರೇನಾರ್ಡ್‌ಗೆ 1,100, ಫ್ರೆಡ್ ವಾಟರ್‌ಮನ್‌ಗೆ 1,000, ಉಳಿದ ಐವರಿಗೆ ತಲಾ 800. ಕೆಲಸ ಮಾರ್ಚ್ 15ರಿಂದ ನವೆಂಬರ್ 15ರವರೆಗೆ. ಆ ಐವರ ಮೂಲ ಕಸುಬು ನೋಡಿ: ಸ್ವೀಸಿ ಮತ್ತು ಲಿಯೊನಾರ್ಡ್ ಟೋಪಿ ಮಾಡುವವರು, ಆಲಿಸನ್ ಅಮೃತಶಿಲೆ ಕಡಿಯುವವನು, ಮೆಕ್‌ವೇ ಪಿಯಾನೊ ಮಾಡುವವನು. ಚಾರ್ಲಿ ಗೂಲ್ಡ್ ಲೆಕ್ಕ ಬರೆಯುವವನು, ನಮ್ಮ ಜಾತಿಯವನೇ ಅನ್ನಿ. ತಂಡದಲ್ಲಿ ಸಿನ್ಸಿನಾಟಿಯ ಹುಡುಗ ಅಂತ ಇದ್ದವನು ಇವನೊಬ್ಬನೇ. ಮೊಣಕಾಲವರೆಗೆ ಪ್ಯಾಂಟು, ಕೆಳಗೆ ಕೆಂಪು ಕಾಲುಚೀಲ. ಆಗ ಗ್ಲೌಸ್ ಇರಲಿಲ್ಲ, ಚೆಂಡನ್ನು ಬರಿಗೈಯಲ್ಲೇ ಹಿಡಿಯಬೇಕಿತ್ತು.

ಆ ವರ್ಷ ಲೆಕ್ಕಕ್ಕೆ ಸಿಗುವ 57 ಪಂದ್ಯಗಳಲ್ಲಿ ಒಂದನ್ನೂ ಅವರು ಸೋಲಲಿಲ್ಲ. ಟ್ರಾಯ್ ಊರಿನ ತಂಡದ ಜೊತೆ ಮಾತ್ರ 17-17 ಆಗಿದ್ದಾಗ ಜಗಳ ತೆಗೆದು ಟ್ರಾಯ್‌ನವರೇ ಮೈದಾನ ಬಿಟ್ಟು ಹೋದರು. ಬಾಜಿ ಕಟ್ಟಿದವರ ದುಡ್ಡು ಉಳಿಸೋಕೆ ಹೀಗೆ ಮಾಡಿದರು ಅಂತ ಆಗಲೇ ಗುಸುಗುಸು ಇತ್ತು. ಪೂರ್ವ–ಪಶ್ಚಿಮ ಕೂಡಿಸುವ ರೈಲು ದಾರಿ ಮುಗಿದದ್ದು ಅದೇ ಮೇ ತಿಂಗಳಲ್ಲಿ. ಸೆಪ್ಟೆಂಬರ್‌ನಲ್ಲಿ ಇವರು ಅದೇ ದಾರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೊಗೂ ಹೋಗಿ ಆಡಿ ಬಂದರು. ಇಷ್ಟೆಲ್ಲ ಆಗಿ ವರ್ಷದ ಕೊನೆಗೆ ಕ್ಲಬ್ಬಿಗೆ ಉಳಿದ ಲಾಭ 1 ಡಾಲರ್ 39 ಸೆಂಟ್ ಎನ್ನುತ್ತಾರೆ.

1870ರ ಜೂನ್ 14ರಂದು ಬ್ರೂಕ್ಲಿನ್‌ನಲ್ಲಿ ಅಟ್ಲಾಂಟಿಕ್ಸ್ ತಂಡದ ಎದುರು ಒಂಬತ್ತು ಇನಿಂಗ್ಸ್ ಮುಗಿದಾಗ 5-5. ಎದುರಾಳಿಗಳು ಡ್ರಾಗೆ ಒಪ್ಪಿದ್ದರು. ಬೇಡ, ಆಡೋಣ ಅಂದದ್ದು ಸಿನ್ಸಿನಾಟಿಯವರು. ಹನ್ನೊಂದನೆಯ ಇನಿಂಗ್ಸ್‌ನಲ್ಲಿ 8-7ರಿಂದ ಸೋತರು. ಆಮೇಲೆ ಜನ ಬರೋದು ಕಡಿಮೆಯಾಯಿತು. ಆ ವರ್ಷ ಸೋತದ್ದು ಬರೀ ಆರು ಪಂದ್ಯ, ಆದರೂ ಸಂಬಳದ ತಂಡ ಸಾಕು ಅಂತ ಕ್ಲಬ್ ಕೈಬಿಟ್ಟಿತು. ಹ್ಯಾರಿ ತಮ್ಮನನ್ನೂ ಗೂಲ್ಡ್, ಮೆಕ್‌ವೇ ಅವರನ್ನೂ ಕರೆದುಕೊಂಡು ಬಾಸ್ಟನ್‌ಗೆ ಹೊರಟ. ರೆಡ್ ಸ್ಟಾಕಿಂಗ್ಸ್ ಹೆಸರೂ ಜೊತೆಗೇ ಹೋಯಿತು. ಅಲ್ಲಿ 1872ರಿಂದ 1875ರವರೆಗೆ ಸತತ ನಾಲ್ಕು ಬಾರಿ ಚಾಂಪಿಯನ್.

ಕೊನೆಗೊಂದು ಚಿಕ್ಕ ತಿದ್ದುಪಡಿ. ನಿಮ್ಮ ಪಟ್ಟಿಯಲ್ಲಿ ಒಂಬತ್ತೇ ಹೆಸರಿವೆ. ಹತ್ತನೆಯವನು ಡಿಕ್ ಹರ್ಲಿ, ಬದಲಿ ಆಟಗಾರ, ಸಂಬಳ 600 ಡಾಲರ್. ಅವನನ್ನೂ ಸೇರಿಸಿದರೆ ತಂಡದ ಒಟ್ಟು ಸಂಬಳ 9,300 ಡಾಲರ್ ಆಗುತ್ತದೆ.

– ನಿವೃತ್ತ ಬ್ಯಾಂಕ್ ನೌಕರ, ಮೈಸೂರು