ಗಾಲೆ ಸ್ಟೇಷನ್ನಿನ ಅಣ್ಣಾರಿಗೆ

ವಿಜಯಪುರದವರಿಗೆ ಸಮುದ್ರ ಅಂದ್ರೆ ಸುಮ್ನೆ ಮಾತಾ? ಶ್ರೀಲಂಕಾಕ್ಕೆ ಹೋದಾಗ ಅವ್ವನಿಗೆ ತೋರಿಸಲೆಂದೇ ಒಂದು ದಿನ ಕೊಲಂಬೊದಿಂದ ಗಾಲೆಗೆ ರೈಲು ಹತ್ತಿದೆವು. ಬಲಗಡೆ ಕಿಟಕಿ ಸಿಕ್ಕಿತ್ತು. ಹಳಿಯ ಪಕ್ಕದಲ್ಲೇ ಅಲೆ. ಅವ್ವ ಕೈಯಲ್ಲಿದ್ದ ರೊಟ್ಟಿ ಮುರಿಯುವುದನ್ನೂ ಮರೆತಿದ್ದಳು.

ಇಳಿದ ಮೇಲೆ ನೋಡಿದರೆ ರೊಟ್ಟಿ ಚೀಲ ಸೀಟಿನಲ್ಲೇ ಉಳಿದಿದೆ. ಪಾಸ್‌ಪೋರ್ಟ್ ಎರಡೂ ಅದರಲ್ಲೇ! "ಅಯ್ಯ ಶಿವನ" ಅಂತ ಅವ್ವ ಅಲ್ಲೇ ಕುಸಿದಳು. ಆಗ ಹಿಂದಿನಿಂದ ನೀವು, "ಯಾವೂರ್ರೀ ಯವ್ವಾ? ನಾವು ಬಾಗಲಕೋಟಿಯವರ್ರೀ" ಎಂದಿರಿ. ಬೋಗಿ ಯಾವುದೆಂದು ಕೇಳಿ ಓಡಿಯೇಬಿಟ್ಟಿರಿ. ಗಾಲೆಯಲ್ಲಿ ರೈಲು ದಿಕ್ಕು ಬದಲಿಸಿ ಮಾತರ ಕಡೆ ಹೊರಡುತ್ತದೆ. ಅದಕ್ಕೇ ಸ್ವಲ್ಪ ಹೊತ್ತು ನಿಂತಿತ್ತು, ಇಲ್ಲದಿದ್ದರೆ ನಮ್ಮ ಕಥೆ ಅಷ್ಟೇ.

ಚೀಲ ತಂದಾಗ ನಿಮ್ಮ ಅಂಗಿ ಬೆವರಿಗೆ ಬೆನ್ನಿಗಂಟಿತ್ತು. ಎರಡು ಖಡಕ್ ರೊಟ್ಟಿ, ಒಂದಿಷ್ಟು ಶೇಂಗಾ ಚಟ್ನಿ ಬಿಟ್ಟರೆ ಏನೂ ತಗೊಳ್ಳಲಿಲ್ಲ. ಹೆಸರು ಕೇಳುವಷ್ಟರಲ್ಲಿ ನಿಮ್ಮವರು ಕರೆದರು.

1588ರಲ್ಲಿ ಪೋರ್ಚುಗೀಸರು ಶುರು ಮಾಡಿ, ಆಮೇಲೆ ಡಚ್ಚರು ಗಟ್ಟಿ ಮಾಡಿದ ಕೋಟೆಯ ಮೇಲೆ ಸಂಜೆವರೆಗೂ ಕೂತಿದ್ದೆವು. ಅವ್ವನಿಗೆ ನಮ್ಮೂರ ಕೋಟೆಯೇ ದೊಡ್ಡದು, ಬಿಡಿ. ಮನೆಗೆ ಬಂದವರಿಗೆಲ್ಲ ಹೇಳುವುದು ನಿಮ್ಮ ಸುದ್ದಿಯನ್ನೇ. ತುಂಬಾ ಧನ್ಯವಾದ ಅಣ್ಣಾರೆ. ವಿಜಯಪುರದ ಕಡೆ ಬಂದರೆ ಊಟ ನಮ್ಮಲ್ಲೇ.