ನೀಲ್ ದ್ವೀಪಕ್ಕೆ ಹೊರಟಿರುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಬ್ಯಾಗ್ ಹೆಗಲಿಗೇರಿಸಿ ಅಂಡಮಾನ್‌ಗೆ ಹೊರಟಿರುವವರು ದಯವಿಟ್ಟು ದಿನಕ್ಕೊಂದು ಜಾಗ ಅಂತ ಓಡಬೇಡಿ. ನೀಲ್ ದ್ವೀಪದಲ್ಲಿ ಮೂರು ರಾತ್ರಿಯಾದರೂ ಸುಮ್ನೆ ಉಳಿದುಬಿಡಿ. 2018ರಲ್ಲಿ ಅದಕ್ಕೆ ಶಹೀದ್ ದ್ವೀಪ ಅಂತ ಹೆಸರಿಟ್ಟಿದ್ದಾರೆ, ಟಿಕೆಟ್‌ನಲ್ಲಿ ಆ ಹೆಸರು ಕಂಡರೆ ಗಾಬರಿಯಾಗಬೇಡಿ. ಸರ್ಕಾರಿ ಹಡಗು ಖಾಸಗಿಯದಕ್ಕಿಂತ ಅಗ್ಗ, ಆದರೆ ಸೀಟು ಬೇಗ ತುಂಬುತ್ತದೆ.

ದ್ವೀಪ ಚಿಕ್ಕದು, ಓಡಾಡಲು ಬಾಡಿಗೆ ಸೈಕಲ್ ಸಾಕು. ಸೂರ್ಯೋದಯಕ್ಕೆ ಸೀತಾಪುರ ಬೀಚ್, ಸೂರ್ಯಾಸ್ತಕ್ಕೆ ಲಕ್ಷ್ಮಣಪುರ ಬೀಚ್. ಅಂಡಮಾನ್ ಅಷ್ಟು ಪೂರ್ವಕ್ಕಿದ್ದರೂ ಗಡಿಯಾರ ಮಾತ್ರ ನಮ್ಮದೇ ಅಲ್ವಾ, ಹಾಗಾಗಿ ಡಿಸೆಂಬರ್‌ನಲ್ಲಿ ಸಂಜೆ 5ರ ಸುಮಾರಿಗೇ ಸೂರ್ಯ ಮುಳುಗುತ್ತಾನೆ, ಮಧ್ಯಾಹ್ನ ಊಟ ಮಾಡಿ ಮಲಗಿದರೂ ಸಂಜೆ 4 ಗಂಟೆಯೊಳಗೆ ಎದ್ದು ಹೊರಡಿ. ದ್ವೀಪದಲ್ಲಿರುವ ಬಂಡೆಯ ಸಹಜ ಸೇತುವೆ ನೋಡಬೇಕಾದರೆ ನೀರು ಇಳಿದಿರಬೇಕು. ಇಳಿತದ ಸಮಯ ದಿನದಿನಕ್ಕೆ ಬದಲಾಗುತ್ತದೆ, ಉಳಿದುಕೊಂಡ ಕಡೆಯೇ ಕೇಳಿಕೊಳ್ಳಿ. ಹಿಡಿತ ಇರುವ ಚಪ್ಪಲಿ ಬೇಕೇ ಬೇಕು. ಈಜಲು ಮಾತ್ರ ನೀರು ಏರಿದಾಗಲೇ ಇಳಿಯಿರಿ, ನೀರು ತಗ್ಗಿದಾಗ ಹವಳ ಕಾಲು ಕೊಯ್ಯುತ್ತದೆ, ನಮ್ಮ ತುಳಿತಕ್ಕೆ ಅದೂ ಸಾಯುತ್ತದೆ.

ಸತ್ತ ಹವಳದ ಒಂದು ತುಂಡನ್ನೂ ಬ್ಯಾಗ್‌ಗೆ ಹಾಕಬೇಡಿ. ಅದು ಕಾನೂನಿಗೆ ವಿರುದ್ಧ, ವಿಮಾನ ನಿಲ್ದಾಣದಲ್ಲಿ ಹಿಡಿಯುತ್ತಾರೆ. ನಗದು ಜಾಸ್ತಿ ಇರಲಿ, ನೆಟ್‌ವರ್ಕ್ ನಂಬಬೇಡಿ. ಸಮುದ್ರ ಕೆಟ್ಟರೆ ಹಡಗು ರದ್ದಾಗಬಹುದು, ವಾಪಸ್ ವಿಮಾನಕ್ಕೆ ಮೊದಲು ಒಂದು ದಿನ ಬಿಡುವಿಟ್ಟುಕೊಳ್ಳಿ.

ಜನವರಿಯಲ್ಲಿ ಹೋಗುವವರು ತಾರೀಖು ಇಲ್ಲೇ ಹಾಕಿ, ರೂಮ್ ಬಾಡಿಗೆ ಹಂಚಿಕೊಳ್ಳಬಹುದು.