ಹೆಸರು ಗೊತ್ತಿಲ್ಲದ ವಾರ್ಡಿನ ಅಕ್ಕನಿಗೆ

ಕೋವಿಡ್ ವಾರ್ಡಿನಲ್ಲಿ ನೆಲ ಒರೆಸುತ್ತಿದ್ದ ಅಕ್ಕಾ, ಈ ಥ್ಯಾಂಕ್ಸ್ ನಿಮಗೆ. ಡಾಕ್ಟರು, ನರ್ಸ್‌ಗಳ ಗೌನ್ ಮೇಲೆ ಮಾರ್ಕರ್‌ನಲ್ಲಿ ಹೆಸರು ಬರೆದಿರುತ್ತಿತ್ತು. ನಿಮ್ಮ ಗೌನ್ ಮಾತ್ರ ಖಾಲಿ. ಹಾಗಾಗಿ ಇಲ್ಲೂ ಹೆಸರಿಲ್ಲ.

ಅವರಿಗೆ ಎನ್‌95, ನಿಮಗೆ ತೆಳ್ಳನೆಯ ಸರ್ಜಿಕಲ್ ಮಾಸ್ಕ್. ಅದೂ ಸಡಿಲ. ಕಿವಿಯ ಹತ್ತಿರ ದಾರಕ್ಕೆ ಗಂಟು ಹಾಕಿ ಬಿಗಿ ಮಾಡಿಕೊಂಡಿದ್ದಿರಿ. ಆದರೂ ನಮ್ಮ ಹಾಸಿಗೆ ಪಕ್ಕ ಜಾಸ್ತಿ ಹೊತ್ತು ಇರುತ್ತಿದ್ದವರು ನೀವೇ. ಜಾರಿದ ದಿಂಬು ಸರಿ ಮಾಡಿದಿರಿ. ನನ್ನ ಕೈ ನಡುಗುವಾಗ ಫೋನ್ ಹಿಡಿದುಕೊಂಡು ಮನೆಯವರ ಮುಖ ತೋರಿಸಿದಿರಿ. ಅದಕ್ಕೇನು ನಿಮಗೆ ಸಂಬಳ ಕೊಡ್ತಿದ್ರಾ? ಇಲ್ಲ ಅಲ್ವಾ.

"ರಜೆ ಹಾಕಿದ್ರೆ ಆ ದಿನದ ದುಡ್ಡಿಲ್ಲ" ಅಂತ ಒಮ್ಮೆ ಸುಮ್ನೆ ಮಾತಿಗೆ ಹೇಳಿದಿರಿ. ಗುತ್ತಿಗೆ ಕೆಲಸ. ಜ್ವರ ಬಂದರೂ ಬರಲೇಬೇಕು ಅನ್ನುವ ಹಾಗೆ.

ಇದು ನಿಮ್ಮೊಬ್ಬರ ಪಾಡಲ್ಲ. 2020ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಆಸ್ಪತ್ರೆ ಸಿಬ್ಬಂದಿಯ ರಕ್ತ ಪರೀಕ್ಷೆ ಮಾಡಿದ್ದರು. ಸೋಂಕು ತಗುಲಿ ಹೋದ ಗುರುತು ಸ್ವಚ್ಛತಾ ಸಿಬ್ಬಂದಿಯಲ್ಲಿ ಸುಮಾರು ಶೇ. 34 ಜನರಲ್ಲಿ ಸಿಕ್ಕಿತು. ಐಸಿಯುನಲ್ಲಿ ದುಡಿಯುವವರಲ್ಲಿ ಸುಮಾರು ಶೇ. 15. ರೋಗ ಜೋರಾಗಿದ್ದ ಜಾಗದಲ್ಲೇ ಸೋಂಕು ಕಡಿಮೆ! ಐಸಿಯುನವರಿಗೆ ಒಳ್ಳೆಯ ಮಾಸ್ಕ್ ಇದ್ದದ್ದೂ ಒಂದು ಕಾರಣ ಇರಬಹುದು. ಚಪ್ಪಾಳೆ ಎಲ್ಲರಿಗೂ ಒಂದೇ ಥರ ತಟ್ಟಿದರು, ಮಾಸ್ಕ್ ಹಂಚುವಾಗ ಮಾತ್ರ ಸಾಲು ಬೇರೆ ಬೇರೆ.

ನಿಮಗೂ ಎನ್‌95 ಕೊಡಬೇಕಿತ್ತು, ಸಂಬಳದ ರಜೆಯೂ. ಅದನ್ನು ಕೊಡಿಸುವುದು ನನ್ನ ಕೈಯಲ್ಲಿ ಇರಲಿಲ್ಲ. ಆದರೆ ಇನ್ನು ಮುಂದೆ ಯಾರಾದರೂ "ನಿಮ್ಮನ್ನು ಉಳಿಸಿದ್ದು ಯಾವ ಡಾಕ್ಟರು?" ಅಂತ ಕೇಳಿದರೆ, ಡಾಕ್ಟರ ಜೊತೆ ನಿಮ್ಮನ್ನೂ ಸೇರಿಸಿಯೇ ಹೇಳುತ್ತೇನೆ ಅಕ್ಕಾ.